ನೆಗಡಿ ಮಾತ್ರೆ ಯಾರಿಗೆ?

ಮಾರ್ಗಶಿರ ಬಂತೆಂದರೆ ನಂದಿಬೆಟ್ಟದ ಕಡೆಯಿಂದ ಇಳಿದ ಮಂಜು ಬೆಳಗ್ಗೆ ಎಂಟೂವರೆಯಾದರೂ ಚಿಕ್ಕಬಳ್ಳಾಪುರದ ರಸ್ತೆ ಬಿಟ್ಟು ಏಳುವುದಿಲ್ಲ. ಆ ಎರಡು ತಿಂಗಳು ಮೆಡಿಕಲ್ ಸ್ಟೋರ್‌ಗಳಲ್ಲಿ ದಿನಕ್ಕೆ ಹತ್ತಾರು ಸಲ ಕೇಳುವ ಮಾತು: “ಅಕ್ಕಾ, ನೆಗಡಿಗೆ ಒಂದು ನಾಲ್ಕು ಮಾತ್ರೆ ಕೊಡಿ.” ನಾನು ಫಾರ್ಮಸಿಸ್ಟ್. ಶಿಡ್ಲಘಟ್ಟದಲ್ಲಿ ಹುಟ್ಟಿ, ಚಿಂತಾಮಣಿಗೆ ಸೊಸೆಯಾಗಿ ಬಂದು, ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯ ಕೌಂಟರಿನ ಒಳಗೆ ನಿಂತಿದ್ದೇನೆ. ಮಾತ್ರೆ ಎಣಿಸುವ ಮೊದಲು ನಾನು ಕೇಳುವುದು “ಯಾರಿಗೆ?” ಅಂತ. ಬರುವವರು ಹೆಚ್ಚಾಗಿ ಗಂಡಸರು. “ಮನೇವ್ರಿಗೆ ಮೇಡಂ” ಅಂತಾರೆ. ಮನೆಯವರು ಬಸುರಿಯೋ ಬಾಣಂತಿಯೋ ಅಂತ ಮುಂದುವರಿಸಿದರೆ ಕೆಲವರಿಗೆ ನಾಚಿಕೆ, ಕೆಲವರಿಗೆ ಸಿಟ್ಟು. “ನೆಗಡಿಗೂ ಅದಕ್ಕೂ ಏನ್ ಸಂಬಂಧ?” ಅಂತ ಕೇಳಿದವರೂ ಇದ್ದಾರೆ.

ಸಂಬಂಧ ಇದೆ. ಯಾಕೆಂದರೆ “ನೆಗಡಿ ಮಾತ್ರೆ” ಅನ್ನೋದು ಒಂದು ಔಷಧಿಯ ಹೆಸರಲ್ಲ. ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ ನೋಡಿ. ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ. ಜ್ವರಕ್ಕೆ, ಮೈಕೈ ನೋವಿಗೆ ಪ್ಯಾರಾಸಿಟಮಾಲ್. ಸೀನಿಗೆ, ಸೋರುವ ಮೂಗಿಗೆ ಕ್ಲೋರ್‌ಫೆನಿರಮೈನ್. ಕಟ್ಟಿದ ಮೂಗು ಬಿಡಿಸಲು ಫಿನೈಲೆಫ್ರಿನ್. ಕೆಲವದರಲ್ಲಿ ಕೆಫೀನನ್ನೂ ಸೇರಿಸಿರುತ್ತಾರೆ. ಬರೀ ಮೂಗು ಸೋರುತ್ತಿದೆ ಅಂದವರೂ ಜ್ವರದ ಔಷಧಿ ನುಂಗುತ್ತಾರೆ, ಬರೀ ಜ್ವರ ಅಂದವರೂ ರಕ್ತನಾಳ ಬಿಗಿಯುವ ಔಷಧಿ ನುಂಗುತ್ತಾರೆ. ಇಂಥ ಬೆರಕೆ ಮಾತ್ರೆಗಳ ಮೇಲೆ ಸರ್ಕಾರಕ್ಕೇ ಅನುಮಾನ ಬಂದು 2016ರ ಮಾರ್ಚ್‌ನಲ್ಲಿ 344 ಮಿಶ್ರಣಗಳನ್ನು ಒಂದೇ ಏಟಿಗೆ ನಿಷೇಧಿಸಿತ್ತು. ನೆಗಡಿ, ಕೆಮ್ಮಿನವೇ ಅದರಲ್ಲಿ ಬೇಕಾದಷ್ಟಿದ್ದವು. ಕಂಪನಿಗಳು ಕೋರ್ಟಿಗೆ ಹೋದವು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಮತ್ತೆ ತಜ್ಞರ ಪರಿಶೀಲನೆ ನಡೆದು 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳು ನಿಷೇಧವಾದವು. 2023ರ ಜೂನ್‌ನಲ್ಲಿ ಇನ್ನೂ 14. ಆದರೂ ಕೌಂಟರಿನಲ್ಲಿ ಉಳಿದಿರುವ ಬೆರಕೆ ಮಾತ್ರೆಗಳಿಗೇನೂ ಬರವಿಲ್ಲ.

ಇದರಲ್ಲಿ ನನಗೆ ಹೆಚ್ಚು ಯೋಚನೆ ತರುವುದು ಲೆಕ್ಕ. ನಮ್ಮ ಕಡೆ ಜ್ವರ ಅಂದ ಕೂಡಲೇ 650 ಮಿಲಿಗ್ರಾಂ ಪ್ಯಾರಾಸಿಟಮಾಲ್. ಅದನ್ನು ದಿನಕ್ಕೆ ನಾಲ್ಕು ನುಂಗಿದರೆ 2600. ಜೊತೆಗೆ “ಶೀತಕ್ಕೆ” ಅಂತ ತಂದ ಬೆರಕೆ ಮಾತ್ರೆಯಲ್ಲಿ 500. ಅದು ದಿನಕ್ಕೆ ಮೂರು ಅಂದರೆ 1500. ಒಟ್ಟು 4100 ಮಿಲಿಗ್ರಾಂ. ದೊಡ್ಡವರಿಗೆ ಒಂದು ದಿನದ ಕೊನೆಯ ಮಿತಿಯೇ 4000. ಎರಡು ಬೇರೆ ಬಣ್ಣದ ಮಾತ್ರೆ ನುಂಗಿದ ಹೆಂಗಸಿಗೆ ತಾನು ಒಂದೇ ಔಷಧಿಯನ್ನು ಎರಡು ಕಡೆಯಿಂದ ತಗೊಂಡಿದ್ದೀನಿ ಅಂತ ಗೊತ್ತೇ ಆಗಿರುವುದಿಲ್ಲ. ಲಿವರ್ ಮಾತ್ರ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುತ್ತದೆ.

ಫಿನೈಲೆಫ್ರಿನ್ ಕಥೆ ಇನ್ನೂ ಸ್ವಾರಸ್ಯ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ, ಬಾಯಿಂದ ನುಂಗಿದ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಕೆಲಸವನ್ನೇ ಮಾಡುವುದಿಲ್ಲ ಅಂತ ಒಮ್ಮತದಿಂದ ಹೇಳಿತು. ಮರುವರ್ಷ ನವೆಂಬರ್‌ನಲ್ಲಿ ಆ ಸಂಸ್ಥೆ ಅದನ್ನು ಅಂಗಡಿಯಲ್ಲಿ ನೇರವಾಗಿ ಮಾರುವ ನೆಗಡಿ ಮಾತ್ರೆಗಳಿಂದ ತೆಗೆಯುವ ಪ್ರಸ್ತಾಪವನ್ನೇ ಇಟ್ಟಿತು. ಉಪಯೋಗ ಇಲ್ಲದ್ದನ್ನು ಬಸುರಿ ಹೆಂಗಸು ಯಾಕೆ ನುಂಗಬೇಕು? ಅದೂ ರಕ್ತನಾಳ ಬಿಗಿಯುವ ಗುಣದ್ದು. ಬಿ.ಪಿ. ಇರುವ ಬಸುರಿಯರಂತೂ ಅದರ ಹತ್ತಿರ ಹೋಗಬಾರದು.

ಭಯದ ಇನ್ನೊಂದು ಮುಖ

ಇಷ್ಟು ಓದಿ “ಹಾಗಾದ್ರೆ ಯಾವ ಮಾತ್ರೆಯೂ ಬೇಡಪ್ಪ” ಅಂತ ನೀವು ತೀರ್ಮಾನಿಸಿದರೆ ಅದೂ ಅಪಾಯವೇ. ಗೌರಿಬಿದನೂರಿನಲ್ಲಿರುವ ನನ್ನ ತಂಗಿ ಒಂದು ರಾತ್ರಿ ಫೋನ್ ಮಾಡಿದ್ದಳು. ಅವರ ಪಕ್ಕದ ಮನೆಯ ಹುಡುಗಿಗೆ ಎರಡು ತಿಂಗಳು ತುಂಬಿತ್ತು, ಎರಡು ದಿನದಿಂದ 103 ಡಿಗ್ರಿ ಜ್ವರ. ಹೊಟ್ಟೆಯಲ್ಲಿ ಮಗು ಐತೆ, ಮಾತ್ರೆ ನುಂಗಿದ್ರೆ ಅಂಗವಿಕಲ ಆಗ್ತದೆ ಅಂತ ಅತ್ತೆ ಬರೀ ತಣ್ಣೀರು ಬಟ್ಟೆ ಹಾಕುತ್ತಾ ಕೂತಿದ್ದರಂತೆ. “ಅಕ್ಕಾ, ನೀನೇ ಒಂದ್ಸಲ ಹೇಳು, ನನ್ ಮಾತು ಕೇಳ್ತಿಲ್ಲ” ಅಂತ ತಂಗಿ ಫೋನನ್ನು ಆ ಅಮ್ಮನ ಕೈಗೆ ಕೊಟ್ಟಳು. ನಾನು ಹೇಳಿದ್ದು ಇಷ್ಟೇ: “ಅಮ್ಮಾ, ಈಗ ಮಗುವಿಗೆ ತೊಂದ್ರೆ ಕೊಡ್ತಿರೋದು ಜ್ವರಾನೇ. ಒಂದು ಪ್ಯಾರಾಸಿಟಮಾಲ್ ಕೊಡಿ, ಬೆಳಗಾಗೋವರೆಗೂ ಕಾಯಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.” ಹೋದರು. ಪುಣ್ಯಕ್ಕೆ ಎಲ್ಲ ಸರಿಹೋಯಿತು, ಈಗ ಆ ಮಗು ಅಂಗನವಾಡಿಗೆ ಹೋಗುತ್ತದೆ.

ಆ ಅತ್ತೆಯ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ. ಥಾಲಿಡೊಮೈಡ್ ಎಂಬ ಮಾತ್ರೆ 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, 1961ರ ಕೊನೆಗೆ ವಾಪಸಾಗುವಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದ್ದರು. ಅದು ನಿದ್ದೆಗೆ, ಬಸುರಿಯರ ವಾಂತಿಗೆ ಕೊಡುತ್ತಿದ್ದ ಔಷಧಿ ಅಂತ ಎಲ್ಲರಿಗೂ ಗೊತ್ತು. ಅದನ್ನು ಬೆರೆಸಿದ ಶೀತಜ್ವರದ ಔಷಧಿಯೂ ಅಲ್ಲಿ ಮಾರಾಟವಾಗುತ್ತಿತ್ತು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಬಸುರಿಯರ ಔಷಧಿಯ ಬಗ್ಗೆ ಜಗತ್ತು ಎಚ್ಚರವಾದದ್ದೇ ಅಲ್ಲಿಂದ. ಆದರೆ ಎಲ್ಲ ಮಾತ್ರೆಯೂ ಥಾಲಿಡೊಮೈಡ್ ಅಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಜೋರು ಜ್ವರ ಇಳಿಸದೆ ಬಿಟ್ಟರೆ ಮಗುವಿನ ಬೆನ್ನುಹುರಿ, ಮಿದುಳಿನ ದೋಷಗಳ ಸಂಭವ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಜ್ವರ ಇಳಿಸಲು ಬಸುರಿನ ಒಂಬತ್ತೂ ತಿಂಗಳು ವೈದ್ಯರು ಮೊದಲು ಕೈ ಚಾಚುವುದು ಪ್ಯಾರಾಸಿಟಮಾಲ್‌ಗೇ. ಬೇಕಾದಾಗ, ಬೇಕಾದಷ್ಟೇ, ಕಡಿಮೆ ದಿನ.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಬಸುರಿಯರು ಪ್ಯಾರಾಸಿಟಮಾಲ್ ನುಂಗಬೇಡಿ, ಅದರಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದ ಮೇಲೆ, ನಮ್ಮ ಅಂಗಡಿಗೂ ವಾಟ್ಸಾಪ್ ವಿಡಿಯೊ ಹಿಡಿದುಕೊಂಡು ಬಂದವರಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಅಂಥ ಸಂಬಂಧಕ್ಕೆ ಖಚಿತ ಪುರಾವೆ ಇಲ್ಲ ಎಂದು ಕೂಡಲೇ ಹೇಳಿತು. ಅದಕ್ಕೂ ಮೊದಲೇ, 2024ರಲ್ಲಿ, ಸ್ವೀಡನ್ನಿನಲ್ಲಿ ಸುಮಾರು 25 ಲಕ್ಷ ಮಕ್ಕಳ ದಾಖಲೆ ನೋಡಿದ ಅಧ್ಯಯನ ಪ್ರಕಟವಾಗಿತ್ತು. ಒಂದೇ ತಾಯಿಯ ಮಕ್ಕಳಲ್ಲಿ, ಒಂದು ಬಸುರಿನಲ್ಲಿ ಮಾತ್ರೆ ತಗೊಂಡು ಇನ್ನೊಂದರಲ್ಲಿ ತಗೊಳ್ಳದೆ ಇದ್ದವರನ್ನು ಹೋಲಿಸಿದಾಗ ಆಟಿಸಂಗೂ ಮಾತ್ರೆಗೂ ನಂಟು ಕಾಣಲಿಲ್ಲ. ವಿಡಿಯೊ ತಂದವರಿಗೆ ನಾನು ಇದನ್ನೇ ಹೇಳಿ ಕಳಿಸಿದೆ.

ನಿಜವಾಗಿ ದೂರ ಇಡಬೇಕಾದ ನೋವಿನ ಮಾತ್ರೆಗಳು ಬೇರೆ ಇವೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನಿಮೆಸುಲೈಡ್. “ಮೈಕೈ ನೋವಿಗೆ ಸ್ಟ್ರಾಂಗ್ ಆಗಿರೋದು ಕೊಡಿ” ಅಂದರೆ ಸಿಗುವುದು ಇವೇ. ಬಸುರಿನ 20 ವಾರ ದಾಟಿದ ಮೇಲೆ ಇವು ಮಗುವಿನ ಮೂತ್ರಪಿಂಡದ ಮೇಲೆ ಪರಿಣಾಮ ಮಾಡಿ ಗರ್ಭನೀರು ಕಡಿಮೆ ಮಾಡಬಹುದು ಎಂದು ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. 30 ವಾರದ ಮೇಲಂತೂ ಮಗುವಿನ ಹೃದಯದ ಹತ್ತಿರ ಹುಟ್ಟುವವರೆಗೂ ತೆರೆದಿರಬೇಕಾದ ಒಂದು ರಕ್ತನಾಳ ಹೊತ್ತಿಗೆ ಮೊದಲೇ ಮುಚ್ಚಿಕೊಳ್ಳುವ ಅಪಾಯ. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಶೀತಜ್ವರ ಅಂದುಕೊಂಡಿದ್ದು ಡೆಂಗಿ ಆಗಿದ್ದರೆ ಈ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ.

ನೆಗಡಿಯೇ ಅಲ್ಲದ ನೆಗಡಿ

ಶಿಡ್ಲಘಟ್ಟದವರಿಗೆ ರೇಷ್ಮೆ ಬಿಟ್ಟು ಬದುಕಿಲ್ಲ. ಒಂದು ಮನೆಯಲ್ಲಿ ಹುಳು ಮೇಯಿಸುತ್ತಾರೆ, ಪಕ್ಕದ ಬೀದಿಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ಬಸುರಿಯಾದರೂ ಹೆಂಗಸರು ಏಳೆಂಟು ತಿಂಗಳವರೆಗೆ ಸೊಪ್ಪು ಹಾಕುವುದು, ಹಾಸಿಗೆ ತೆಗೆಯುವುದು, ಚಂದ್ರಂಕಿ ಜೋಡಿಸುವುದು ಬಿಡುವುದಿಲ್ಲ. ಅಂಥ ಒಬ್ಬಳು ಮೂರು ತಿಂಗಳಲ್ಲಿ ಐದು ಸಲ ನೆಗಡಿ ಮಾತ್ರೆಗೆ ಬಂದಳು. ಜ್ವರ ಇಲ್ಲ, ಮೈನೋವಿಲ್ಲ, ಸಿಂಬಳ ನೀರಿನಂತೆ ತೆಳ್ಳಗೆ, ಕಣ್ಣಲ್ಲಿ ತುರಿಕೆ. “ಹುಳುಮನೆ ಒಳಗೆ ಹೋದ್ರೆ ಜಾಸ್ತಿ ಆಗ್ತದಾ?” ಅಂದೆ. “ಹೌದಕ್ಕಾ, ಹೊರಗೆ ಬಂದು ಒಂದು ಗಂಟೆ ಆದ್ರೆ ಕಮ್ಮಿ ಆಗೋಗ್ತದೆ.” ಅದು ನೆಗಡಿಯಲ್ಲ, ಅಲರ್ಜಿ. ರೇಷ್ಮೆ ಕೆಲಸದವರಲ್ಲಿ ಹುಳು, ಪ್ಯೂಪಾ, ಚಿಟ್ಟೆಯ ರೆಕ್ಕೆಯ ಪುಡಿಯಿಂದ ಮೂಗಿನ ಅಲರ್ಜಿ, ಅಸ್ತಮಾ ಬರುವುದು ಗೊತ್ತಿರುವ ವಿಷಯ. ಅದರ ಮೇಲೆ ಸೋಂಕು ತಡೆಯಲು ಹೊಡೆಯುವ ಬ್ಲೀಚಿಂಗ್ ಪೌಡರ್, ಎರಚುವ ಸುಣ್ಣ. ಮಾತ್ರೆಗಿಂತ ಮೊದಲು ಅವಳಿಗೆ ಬೇಕಾಗಿದ್ದು ಒಂದು ಒಳ್ಳೆ ಮಾಸ್ಕ್, ಮತ್ತು ಮನೆ ತೊಳೆದು ಔಷಧಿ ಹೊಡೆಯುವ ಆ ಎರಡು ದಿನ ಬೇರೆಯವರ ಕೈಗೆ ಕೆಲಸ. ಎರಡನೆಯದು ಹೇಳುವಷ್ಟು ಸುಲಭವಲ್ಲ. ಅವಳ ಗಂಡನನ್ನೇ ಅಂಗಡಿಗೆ ಕರೆಸಿ ಹೇಳಬೇಕಾಯಿತು.

ಹೊಲದ ಬದುವಿನಲ್ಲಿ ಬೆಳೆದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮೂಗಿಗೂ ಚರ್ಮಕ್ಕೂ ಇನ್ನೊಂದು ಕಾಟ. ಅದನ್ನು ತಿನ್ನಲಿ ಅಂತ 1980ರ ದಶಕದಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ಒಂದು ಜಾತಿ ದುಂಬಿಯನ್ನೇ ತರಿಸಿದ್ದರು. ದುಂಬಿ ಈಗಲೂ ಇದೆ, ಗಿಡವೂ ಇದೆ.

ಇವ್ಯಾವುದೂ ಇಲ್ಲದೆ, ಬರೀ ಬಸುರಿನಿಂದಲೇ ಮೂಗು ಕಟ್ಟುವುದೂ ಉಂಟು. ಹಾರ್ಮೋನು ಬದಲಾವಣೆಯಿಂದ ಮೂಗಿನ ಒಳಪೊರೆ ಊದಿಕೊಳ್ಳುತ್ತದೆ. ಐದು ಬಸುರಿಯರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಅನ್ನುತ್ತಾರೆ. ವಾರಗಟ್ಟಲೆ ಇರುತ್ತದೆ, ಹೆರಿಗೆಯಾಗಿ ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಇದಕ್ಕೆ ಯಾವ ನೆಗಡಿ ಮಾತ್ರೆಯೂ ನಾಟುವುದಿಲ್ಲ. ತಲೆದಿಂಬು ಎತ್ತರ ಮಾಡಿ ಮಲಗುವುದು, ಉಪ್ಪುನೀರಿನ ಹನಿ ಬಿಡುವುದು, ಅಷ್ಟೇ. ಮೆಡಿಕಲ್‌ನಲ್ಲಿ ಸಿಗುವ ಸಲೈನ್ ಡ್ರಾಪ್ಸ್ ಸಾಕು. ಮನೆಯಲ್ಲೇ ಮಾಡಿಕೊಳ್ಳುವವರು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು, ನಲ್ಲಿ ನೀರನ್ನೋ ಬೋರ್‌ವೆಲ್ ನೀರನ್ನೋ ನೇರವಾಗಿ ಮೂಗಿಗೆ ಬಿಟ್ಟುಕೊಳ್ಳಬಾರದು. ಮೂಗು ಫಟ್ ಅಂತ ಬಿಡಿಸುವ ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಡ್ರಾಪ್ಸ್ ಬಗ್ಗೆ ಹುಷಾರು. ವೈದ್ಯರು ಹೇಳಿದರೂ ಮೂರು ದಿನ, ಹೆಚ್ಚೆಂದರೆ ಐದು. ಅದಕ್ಕಿಂತ ಹೆಚ್ಚಾದರೆ ಡ್ರಾಪ್ಸ್ ಬಿಟ್ಟ ತಕ್ಷಣ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ, ಅದಿಲ್ಲದೆ ನಿದ್ದೆಯೇ ಬಾರದ ಸ್ಥಿತಿಗೆ ಬಂದವರನ್ನು ನೋಡಿದ್ದೇನೆ.

ಅಲರ್ಜಿಗೆ ಮಾತ್ರೆ ಬೇಕೇ ಬೇಕು ಅಂದಾಗ ವೈದ್ಯರು ಬಸುರಿಯರಿಗೆ ಸಾಮಾನ್ಯವಾಗಿ ಬರೆಯುವುದು ಸಿಟ್ರಿಜಿನ್ ಅಥವಾ ಲೊರಾಟಡಿನ್. ಲೊರಾಟಡಿನ್ ಮೇಲೆ ಒಂದು ಕಾಲಕ್ಕೆ ಅನುಮಾನ ಎದ್ದಿತ್ತು, ಗಂಡುಮಕ್ಕಳ ಮೂತ್ರದ್ವಾರದ ದೋಷಕ್ಕೆ ಅದು ಕಾರಣವೋ ಅಂತ. ಅಮೆರಿಕದಲ್ಲಿ ಮತ್ತೆ ಪರೀಕ್ಷಿಸಿ 2004ರಲ್ಲಿ ಅಂಥ ಸಂಬಂಧ ಇಲ್ಲ ಎಂದರು. ಕ್ಲೋರ್‌ಫೆನಿರಮೈನ್ ಬಹಳ ಹಳೆಯದು, ದಶಕಗಳಿಂದ ಬಸುರಿಯರು ತಗೊಂಡಿದ್ದಾರೆ, ಆದರೆ ತೂಕಡಿಕೆ ಜಾಸ್ತಿ. ಎತ್ತರದ ಹಲಗೆಯ ಮೇಲೆ ನಿಂತು ಹುಳುವಿಗೆ ಸೊಪ್ಪು ಹಾಕುವ ಬಸುರಿಗೆ ತೂಕಡಿಕೆ ಬಂದರೆ ಏನಾದೀತು ಯೋಚಿಸಿ. ಇತ್ತೀಚೆಗೆ ಎರಡು ಸೀನು ಬಂದರೂ ಮಾಂಟೆಲುಕಾಸ್ಟ್ ಸೇರಿದ ಮಾತ್ರೆ ಕೇಳುತ್ತಾರೆ. ಆ ಔಷಧಿ ಮನಸ್ಸಿನ ಮೇಲೆ ಮಾಡುವ ಪರಿಣಾಮದ ಬಗ್ಗೆ 2020ರಲ್ಲಿ ಎಫ್‌ಡಿಎ ಕಟ್ಟೆಚ್ಚರಿಕೆ ಹಾಕಿದೆ, ಬರೀ ಮೂಗಿನ ಅಲರ್ಜಿಗೆ ಬೇರೆ ಯಾವುದೂ ನಾಟದಿದ್ದಾಗ ಮಾತ್ರ ಎಂದಿದೆ. ಅಸ್ತಮಾ ಇರುವವರ ವಿಷಯ ಪೂರ್ತಿ ಬೇರೆ. ಬಸುರಿಯಾದೆ ಅಂತ ಇನ್‌ಹೇಲರ್ ನಿಲ್ಲಿಸುವುದು ದೊಡ್ಡ ಅಪಾಯ. ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು.

ಬಾಣಂತಿ ಕೋಣೆಯಲ್ಲಿ

ಹೆರಿಗೆಯಾದ ಮೇಲೆ ನಿಯಮ ಬದಲಾಗುತ್ತದೆ. ಬಸುರಿನಲ್ಲಿ ಬೇಡ ಅಂದ ಐಬುಪ್ರೊಫೆನ್ ಬಾಣಂತಿಗೆ ಕೊಡಬಹುದು, ಹಾಲಿಗೆ ಹೋಗುವುದು ತೀರಾ ಕಡಿಮೆ. ಪ್ಯಾರಾಸಿಟಮಾಲ್ ಹೇಗೂ ಸರಿ. ಆದರೆ ಬಸುರಿನಲ್ಲಿ ಅಷ್ಟೊಂದು ತಲೆಕೆಡಿಸಿಕೊಳ್ಳದ ಕ್ಲೋರ್‌ಫೆನಿರಮೈನ್, ಹೆಚ್ಚು ಪ್ರಮಾಣದಲ್ಲಿ ದಿನಗಟ್ಟಲೆ ತಗೊಂಡರೆ ಕೂಸು ಮಂಕಾಗಿ ಮಲಗಿ, ಹಾಲಿಗೆ ಏಳದೆ ಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ಸೂಡೊಎಫೆಡ್ರಿನ್ ಎಂಬ ಹೆಸರು ನೆನಪಿಡಿ. ಮೂಗು ಬಿಡಿಸುವ ಕೆಲವು ಮಾತ್ರೆಗಳಲ್ಲಿ ಇರುತ್ತದೆ. ಆಸ್ಟ್ರೇಲಿಯಾದಲ್ಲಿ ಎಂಟು ತಾಯಂದಿರಿಗೆ 60 ಮಿಲಿಗ್ರಾಂನ ಒಂದೇ ಒಂದು ಮಾತ್ರೆ ಕೊಟ್ಟು ನೋಡಿದರು. ಆ ದಿನದ ಹಾಲು ಸರಾಸರಿ 24 ಶೇಕಡಾ ಕಡಿಮೆಯಾಯಿತು. 2003ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನ, ಆದರೆ ನನ್ನ ಮಟ್ಟಿಗೆ ಬಹಳ ದೊಡ್ಡ ಮಾತು. ಯಾಕೆಂದರೆ ನಮ್ಮ ಮನೆಗಳಲ್ಲಿ ಹಾಲು ಕಡಿಮೆಯಾದರೆ ದೂರು ಬೀಳುವುದು ಬಾಣಂತಿಯ ಮೇಲೆ. “ಸರಿಯಾಗಿ ತಿನ್ನಲ್ಲ”, “ಅವಳ ಅಮ್ಮನಿಗೂ ಹಾಲಿರಲಿಲ್ಲ.” ಚಿಂತಾಮಣಿಯ ಒಂದು ಹಳ್ಳಿಯಿಂದ ಒಬ್ಬ ಅಜ್ಜಿ ಹಾಲಿನ ಪುಡಿ ಡಬ್ಬಿ ಕೇಳಿಕೊಂಡು ಬಂದಿದ್ದರು. ಸೊಸೆಗೆ ಒಂದು ವಾರದಿಂದ ಹಾಲು ಬರ್ತಿಲ್ಲ ಅಂದರು. ವಾರದಿಂದ ಏನಾದರೂ ಮಾತ್ರೆ ತಗೊಳ್ತಿದ್ದಾರಾ ಅಂತ ಕೇಳಿದೆ. ಶೀತಕ್ಕೆ ಅಂತ ಮನೆಯಲ್ಲಿದ್ದ ಮಾತ್ರೆ. ಸ್ಟ್ರಿಪ್ ತರಿಸಿ ನೋಡಿದರೆ ಅದೇ ಹೆಸರು. ಮಾತ್ರೆ ನಿಲ್ಲಿಸಿ, ಮಗುವಿಗೆ ಮತ್ತೆ ಮತ್ತೆ ಹಾಲು ಕುಡಿಸಲಿ, ಡಾಕ್ಟರಿಗೂ ಒಂದು ಸಲ ತೋರಿಸಿ ಅಂದೆ. ನಾಲ್ಕು ದಿನ ಬಿಟ್ಟು ಬಂದು “ಡಬ್ಬಿ ಬೇಡಮ್ಮ” ಅಂದರು. ಆ ಸೊಸೆಯ ಮುಖ ನಾನು ನೋಡಿಲ್ಲ, ಆದರೆ ಅವತ್ತು ಅವಳಿಗಾಗಿ ಖುಷಿಯಾಯಿತು.

ನೆಗಡಿಯಾದರೆ ಎದೆಹಾಲು ನಿಲ್ಲಿಸಬೇಕು, “ಶೀತ ಹಾಲಲ್ಲಿ ಇಳಿಯುತ್ತೆ” ಅನ್ನೋದು ಸುಳ್ಳು. ತಾಯಿಯ ದೇಹ ಆ ವೈರಸ್ ವಿರುದ್ಧ ತಯಾರಿಸುವ ರಕ್ಷಣೆ ಹಾಲಿನ ಮೂಲಕವೇ ಮಗುವಿಗೆ ಸಿಗುತ್ತದೆ. ಸೋಂಕು ಹರಡುವುದು ಸೀನು, ಕೈಗಳಿಂದ. ಕೈ ತೊಳೆದು, ಮೂಗು ಬಾಯಿ ಮುಚ್ಚಿಕೊಂಡು ಹಾಲು ಕೊಡಿ. ಮಾತ್ರೆ ನುಂಗುವುದಿದ್ದರೆ ಹಾಲು ಕುಡಿಸಿದ ಕೂಡಲೇ ನುಂಗಿ. ಕೊಡೀನ್ ಇರುವ ಕೆಮ್ಮಿನ ಸಿರಪ್ ಮಾತ್ರ ಬೇಡವೇ ಬೇಡ. ಹಾಲೂಡಿಸುವ ತಾಯಂದಿರು ಅದನ್ನು ತಗೊಳ್ಳಬಾರದು, ಮಗುವಿನ ಉಸಿರಾಟಕ್ಕೇ ತೊಂದರೆಯಾಗಬಹುದು ಎಂದು 2017ರಲ್ಲೇ ಎಫ್‌ಡಿಎ ಹೇಳಿದೆ.

ಇನ್ನು ಸಾಂಬ್ರಾಣಿ ಹೊಗೆ. ಹಿರಿಯರಿಗೆ ಬೇಸರವಾದರೂ ಹೇಳಿಬಿಡುತ್ತೇನೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿ, ಆಮೇಲೆ ತಾಯಿ ಮಗು ಇಬ್ಬರಿಗೂ ಮೂಗು ಕಟ್ಟಿದೆ ಅಂತ ಔಷಧಿಗೆ ಬರುತ್ತಾರೆ. ಹೊಗೆ ನಿಲ್ಲಿಸಿದರೆ ಅರ್ಧ ಔಷಧಿ ಉಳಿಯುತ್ತದೆ. ತಲೆಗೆ ಕಟ್ಟುವ ಬಟ್ಟೆ, ಕಿವಿಯ ಹತ್ತಿ, ಬಿಸಿನೀರು ಎಲ್ಲ ಇರಲಿ, ನನ್ನ ತಕರಾರಿಲ್ಲ. ಎಳೆಗೂಸಿನ ಎದೆಗೆ, ಮೂಗಿಗೆ ಕರ್ಪೂರ ಬೆರೆತ ಮುಲಾಮು ಹಚ್ಚಬೇಡಿ. ಜೇನುತುಪ್ಪ ತಾಯಿಗೆ ಒಳ್ಳೆಯದು, ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸುವುದು ಅಪಾಯ.

ಕಷಾಯದ ಬಗ್ಗೆ ಎಲ್ಲರೂ ಕೇಳುತ್ತಾರೆ. ಶುಂಠಿ, ಮೆಣಸು, ತುಳಸಿ ಹಾಕಿ ಅಡುಗೆಮನೆಯ ಅಳತೆಯಲ್ಲಿ ಒಂದು ಲೋಟ ಕುಡಿದರೆ ಹೆದರಬೇಕಿಲ್ಲ. ಪ್ಯಾಕೆಟ್ ಕಷಾಯದ ಪುಡಿಯಲ್ಲಿ ಮಾತ್ರ ಅತಿಮಧುರ ಇದೆಯಾ ನೋಡಿ, ಕೆಲವರು ಜ್ಯೇಷ್ಠಮಧು ಅಂತಲೂ ಬರೆದಿರುತ್ತಾರೆ. ಫಿನ್ಲೆಂಡಿನಲ್ಲಿ ಅತಿಮಧುರದ ಮಿಠಾಯಿಯನ್ನು ವಿಪರೀತ ತಿಂದ ಬಸುರಿಯರ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಕಲಿಕೆಯ ಪರೀಕ್ಷೆಗಳಲ್ಲಿ ಅವರು ಹಿಂದೆ ಬಿದ್ದದ್ದನ್ನು ಕಂಡರು. ಅಲ್ಲಿನ ಸರ್ಕಾರ ಬಸುರಿಯರು ಅದನ್ನು ಹೆಚ್ಚು ತಿನ್ನಬಾರದು ಅನ್ನುತ್ತದೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಎಲ್ಲವೂ ಬಸುರಿಗೆ ಒಗ್ಗುವುದಿಲ್ಲ.

ಯಾವಾಗ ಕಾಯಬಾರದು ಅನ್ನೋದೊಂದು ಉಳಿಯಿತು. 2023ರ ನವೆಂಬರ್ ಶುರುವಿನಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಹೆಸರು ಟಿವಿಯಲ್ಲೆಲ್ಲ ಬಂತು. ಅಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಸ್ ಸಿಕ್ಕಿತ್ತು. ಆರೋಗ್ಯ ಇಲಾಖೆಯವರು ಸುತ್ತಲ ಹಳ್ಳಿಗಳಿಗೆ ಹೋಗಿ ಬಸುರಿಯರ, ಜ್ವರ ಬಂದವರ ರಕ್ತದ ಮಾದರಿ ತೆಗೆದುಕೊಂಡರು. ಝೀಕಾ ತಾಯಿಗೆ ಸಣ್ಣ ಜ್ವರ, ಮೈಮೇಲೆ ಗಂಧೆ, ಕೆಂಗಣ್ಣು, ಗಂಟುನೋವು ಅಷ್ಟೇ ಕೊಟ್ಟು ಹೋಗಬಹುದು, ಆದರೆ ಹೊಟ್ಟೆಯಲ್ಲಿರುವ ಮಗುವಿನ ತಲೆ, ಮಿದುಳು ಬೆಳೆಯದಂತೆ ಮಾಡಬಲ್ಲದು. ಫ್ಲೂ ಕೂಡ ಬಸುರಿಯರನ್ನು ಬೇರೆಯವರಿಗಿಂತ ಜೋರಾಗಿ ಕಾಡುತ್ತದೆ. ಅದಕ್ಕೆ ಇರುವ ಒಸೆಲ್ಟಮಿವಿರ್ ಔಷಧಿಯನ್ನು ಬಸುರಿಗೂ ಕೊಡುತ್ತಾರೆ, ಮೊದಲ 48 ಗಂಟೆಯೊಳಗೆ ಶುರುವಾದರೆ ಫಲ ಹೆಚ್ಚು. ಹಾಗಾಗಿ ಬಸುರಿಗೆ 100.4 ದಾಟಿದ ಜ್ವರ ಒಂದು ದಿನಕ್ಕೆ ಇಳಿಯದಿದ್ದರೆ, ಏದುಸಿರು ಬಂದರೆ, ಮೈಮೇಲೆ ಗಂಧೆ ಎದ್ದರೆ, ಮಗುವಿನ ಅಲುಗಾಟ ಕಮ್ಮಿ ಅನ್ನಿಸಿದರೆ ಮೆಡಿಕಲ್ ಸ್ಟೋರ್‌ಗೆ ಬರಬೇಡಿ, ಆಸ್ಪತ್ರೆಗೆ ಹೋಗಿ. ರಾತ್ರಿಯಾಗಿದ್ದರೆ 108ಕ್ಕೆ ಫೋನ್ ಮಾಡಿ. ಫ್ಲೂ ಲಸಿಕೆಯನ್ನು ಬಸುರಿಯರು ತಗೊಳ್ಳಬಹುದು, ತಜ್ಞರ ಸಲಹೆಯೂ ಅದೇ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದಲ್ಲ, ಅವತ್ತು ಅದನ್ನೂ ಕೇಳಿ.

ಆ ದಿನ ತಾಯಿ ಕಾರ್ಡ್ ಜೊತೆಗೆ ಮನೆಯಲ್ಲಿ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಹೆಸರು, ಪ್ರಮಾಣ, ಎಕ್ಸ್‌ಪೈರಿ ಇರುವ ತುದಿಯನ್ನು ಹರಿದು ಬಿಸಾಡಬೇಡಿ. ಯಾವುದಾದರೂ ಮಾತ್ರೆಯಿಂದ ನಿಮಗೋ ಮಗುವಿಗೋ ತೊಂದರೆಯಾಯಿತು ಅನ್ನಿಸಿದರೆ ಡಾಕ್ಟರಿಗೆ ಹೇಳುವುದರ ಜೊತೆಗೆ 1800-180-3024 ಎಂಬ ಉಚಿತ ಸಂಖ್ಯೆಗೂ ತಿಳಿಸಬಹುದು. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ವ್ಯವಸ್ಥೆ ಅದು. ಫೋನ್ ಎತ್ತಿದವರು ಮೊದಲು ಕೇಳುವ ವಿವರಗಳಲ್ಲಿ ಔಷಧಿಯ ಹೆಸರೂ ಒಂದು, ಆಗ ಆ ಸ್ಟ್ರಿಪ್ ಕೈಯಲ್ಲಿರಲಿ.